ಒಂದೂ ವೈರ್ ಕತ್ತರಿಸದೆ ಆಯಿಲ್ ಪ್ರೆಶರ್ ಗೇಜ್‌ಗೆ ಕರೆಂಟ್ ಕೊಟ್ಟ ನನ್ನ ಅನುಭವ

ನನ್ನ ಕಾರಿಗೆ ಹಾಕಿಕೊಂಡ ಆಯಿಲ್ ಪ್ರೆಶರ್ ಗೇಜ್ ಸುಮಾರು 14 ತಿಂಗಳಿನಿಂದ ಒಮ್ಮೆಯೂ ಕೈಕೊಟ್ಟಿಲ್ಲ. ಅದಕ್ಕೆ ಬೇಕಾದ ಕರೆಂಟನ್ನು ಫ್ಯೂಸ್ ಬಾಕ್ಸ್‌ನಿಂದಲೇ ತೆಗೆಯುತ್ತೇನೆಂದು ಹೇಳಿದಾಗ ಈ ಕೆಲಸ ಬಲ್ಲ ಸ್ನೇಹಿತರೆಲ್ಲ ಬೇಡವೆಂದಿದ್ದರು; ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದು ರಿಲೇ (ಕಾಯಿಲ್‌ಗೆ ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್) ಕೂರಿಸುವುದೊಂದೇ ದಾರಿ ಎಂಬುದು ಅವರ ವಾದವಾಗಿತ್ತು. ಆದರೆ ಬರೀ 120 ಮಿಲಿಆಂಪಿಯರ್ ಎಳೆಯುವ ಗೇಜ್‌ಗಾಗಿ, ತನ್ನ ಕಾಯಿಲ್‌ಗೇ ಅದಕ್ಕಿಂತ ತುಸು ಹೆಚ್ಚು ಬೇಡುವ ರಿಲೇ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ.

ಮೊದಲು ಲೈಟರ್ ಸಾಕೆಟ್‌ನ ಲೈನಿನಿಂದ ತೆಗೆದೆ. ಅದು ಎಸಿಸಿ ಲೈನ್, ಅಂದರೆ ರೇಡಿಯೋದಂಥ ಪರಿಕರಗಳಿಗೆ ಕರೆಂಟ್ ಕೊಡುವ ಲೈನ್ ಆದ್ದರಿಂದ ಸ್ಟಾರ್ಟರ್ ತಿರುಗುವಾಗ ಸತ್ತು ಮತ್ತೆ ಜೀವ ಪಡೆಯುತ್ತಿತ್ತು. ಗೇಜ್ ಪ್ರತಿ ಬಾರಿಯೂ ಹೊಸದಾಗಿ ಶುರುವಾಗಿ, ಎಂಜಿನ್ ಹೊತ್ತಿಕೊಂಡ ಮೊದಲ ಕೆಲವು ಸೆಕೆಂಡುಗಳ ಒತ್ತಡವನ್ನು ತೋರಿಸುತ್ತಲೇ ಇರಲಿಲ್ಲ. ನಾನು ಗೇಜ್ ಕೊಂಡದ್ದೇ ಆ ಸೆಕೆಂಡುಗಳಿಗಾಗಿ. ಕರೆಂಟ್ ಹಿಂದಕ್ಕೆ ಹರಿಯದಂತೆ ಒಂದು ಡಯೋಡ್, ಸ್ವಲ್ಪ ಕರೆಂಟ್ ಕೂಡಿಟ್ಟುಕೊಳ್ಳಲು 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ ಆ ಅಂತರವನ್ನು ತುಂಬಲು ನೋಡಿದೆ. ಅದು ಕಾಲು ಸೆಕೆಂಡೂ ತಡೆಯಲಿಲ್ಲ, ಕೈಬಿಟ್ಟೆ.

ಎರಡನೆಯ ಪ್ರಯತ್ನ ದುಬಾರಿಯಾಯಿತು. ಸದಾ ಜೀವಂತವಿರುವ ಲೈನ್‌ಗೆ ಸಣ್ಣ ಸ್ವಿಚ್ ಸೇರಿಸಿದೆ. ಒಂದು ಮಧ್ಯಾಹ್ನ ಸ್ವಿಚ್ ಆರಿಸದೆ ಕಾರು ನಿಲ್ಲಿಸಿದೆ. ಬಿಸಿಲಿನಲ್ಲಿ ಗೇಜ್‌ನ ಬೆಳಕು ಕಣ್ಣಿಗೆ ಬೀಳಲಿಲ್ಲ. ಗೇಜ್ ಎಳೆಯುವುದೂ ಕಾರು ತಾನೇ ಎಳೆಯುವುದೂ ಸೇರಿದರೆ ದಿನಕ್ಕೆ ಮೂರೂವರೆ ಆಂಪಿಯರ್-ಅವರ್ ಆಗುತ್ತದೆ. ಹತ್ತು ದಿನಗಳ ನಂತರ ಬಂದು ನೋಡಿದರೆ 35 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ಖಾಲಿಯಾಗಿತ್ತು, ಚಾರ್ಜ್ ಮಾಡಿದರೂ ಚೇತರಿಸಿಕೊಳ್ಳಲಿಲ್ಲ. ಹೊಸ ಬ್ಯಾಟರಿಗೆ ತೆತ್ತ ಹಣ ಗೇಜ್‌ನ ಬೆಲೆಯನ್ನು ಮೀರಿತು. ಅದಾದ ಮೇಲೆ ಇಗ್ನಿಷನ್ ವೈರ್‌ಗೆ, ಮೇಲಿನ ಪ್ಲಾಸ್ಟಿಕ್ ಸೀಳಿ ಒಳಗಿನ ಎಳೆಗಳನ್ನು ಕಚ್ಚಿ ಹಿಡಿಯುವ ಕ್ಲಿಪ್ ಕನೆಕ್ಟರ್ ಹಾಕಿದೆ. ನಾಲ್ಕೈದು ತಿಂಗಳ ಅದುರಾಟಕ್ಕೆ ಒಳಗಿನ ಎಳೆಗಳು ಒಂದೊಂದಾಗಿ ತುಂಡಾಗಿ, ಗೇಜ್ ಜೊತೆಗೆ ರೇಡಿಯೋವೂ ಆಗಾಗ ನಿಲ್ಲತೊಡಗಿತು.

ಇಷ್ಟಾದ ಮೇಲೆ ಫ್ಯೂಸ್ ಬಾಕ್ಸ್‌ನ ಒಂದೊಂದೇ ಖಾನೆಯನ್ನು ಮೀಟರ್ ಹಿಡಿದು ಪರೀಕ್ಷಿಸಿದೆ. ಏರ್‌ಬ್ಯಾಗ್, ಎಬಿಎಸ್ ಮತ್ತು ಎಂಜಿನ್ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಖಾನೆಗಳನ್ನು ಮುಟ್ಟಲೇ ಇಲ್ಲ; ಬಲ್ಬ್ ಟೆಸ್ಟರ್ ಮೀಟರ್‌ಗಿಂತ ಹೆಚ್ಚು ಕರೆಂಟ್ ಎಳೆಯುವುದರಿಂದ ಅದನ್ನು ಹೊರಗೇ ತೆಗೆಯಲಿಲ್ಲ. ಕೀ ತಿರುಗಿಸಿದಾಗ 12 ವೋಲ್ಟ್ ತೋರಿಸುವ ಖಾನೆಗಳು ಎಷ್ಟೋ ಸಿಗುತ್ತವೆ. ಸ್ಟಾರ್ಟರ್ ತಿರುಗುವಾಗ ಯಾವುದು ನಿಲ್ಲುತ್ತದೆ ಎಂಬುದೇ ಮುಖ್ಯ. ಮೀಟರನ್ನು ಮಿನ್-ಮ್ಯಾಕ್ಸ್‌ನಲ್ಲಿಟ್ಟು (ಅತಿ ಕಡಿಮೆ, ಅತಿ ಹೆಚ್ಚು ಅಳತೆಗಳನ್ನು ಹಿಡಿದಿಡುವ ವಿಧಾನ) ಇನ್ನೊಬ್ಬರಿಂದ ಕಾರು ಸ್ಟಾರ್ಟ್ ಮಾಡಿಸಿದೆ. ಹೆಚ್ಚಿನವು ಸೊನ್ನೆಗೆ ಇಳಿದವು. ನನ್ನ ಕಾರಿನಲ್ಲಿ ರಿವರ್ಸ್ ಲ್ಯಾಂಪ್‌ನ 10 ಆಂಪಿಯರ್ ಖಾನೆ ಮಾತ್ರ ಬ್ಯಾಟರಿಯ ಜೊತೆಗೇ ಹತ್ತು ವೋಲ್ಟ್ ಸುಮಾರಿಗೆ ಇಳಿದು ಮೇಲೆದ್ದಿತು. ಕೀ ತೆಗೆದ ಕೂಡಲೇ ನೋಡಿ ತೃಪ್ತಿಪಡಬಾರದು, ಕೆಲವು ಕಾರುಗಳಲ್ಲಿ ಬಾಗಿಲು ತೆರೆಯುವವರೆಗೆ ಲೈನ್ ಜೀವಂತವಾಗಿಯೇ ಇರುತ್ತದೆ. ನಾನು ಕಾರು ಲಾಕ್ ಮಾಡಿ ಅರ್ಧ ಗಂಟೆ ಕಾದು ಮತ್ತೆ ಅಳೆದೆ.

ಆ ಖಾನೆಗೆ ಫ್ಯೂಸ್ ಟ್ಯಾಪ್ ಹಾಕಿದೆ; ಫ್ಯೂಸ್‌ನ ಜಾಗದಲ್ಲಿ ಕೂತು, ಹಳೆಯ ಫ್ಯೂಸ್ ಜೊತೆಗೆ ಇನ್ನೊಂದು ಫ್ಯೂಸ್ ಮೂಲಕ ಹೊಸ ಲೈನ್ ಕೊಡುವ ಅಡಾಪ್ಟರ್ ಅದು. ಅದನ್ನು ಕೂರಿಸುವ ದಿಕ್ಕಿನಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಫ್ಯೂಸ್ ಕಿತ್ತ ಮೇಲೂ ವೋಲ್ಟೇಜ್ ತೋರಿಸುವ ತುದಿಯೇ ಪೂರೈಕೆಯ ಬದಿ. ಟ್ಯಾಪ್‌ನ ಎರಡು ಕಾಲುಗಳಲ್ಲಿ, ಎರಡೂ ಫ್ಯೂಸ್‌ಗಳಿಗೆ ಒಟ್ಟಿಗೆ ಸೇರಿರುವ ಕಾಲು ಅಲ್ಲಿ ಕೂರಬೇಕು. ಉಲ್ಟಾ ಕೂರಿಸಿದರೂ ಗೇಜ್ ನಡೆಯುತ್ತದೆ, ಆದರೆ ಅದರ ಭಾರವೂ ಹಳೆಯ ಫ್ಯೂಸ್ ಮೇಲೆಯೇ ಬೀಳುತ್ತದೆ. ಗೇಜ್‌ಗೆ 2 ಆಂಪಿಯರ್ ಫ್ಯೂಸ್ ಹಾಕಿದೆ. ಗ್ರೌಂಡ್‌ಗೆ ಕಂಪನಿಯ ಬೋಲ್ಟನ್ನೇ ಬಳಸಿ, ಅಲ್ಲಿಂದ ಬ್ಯಾಟರಿ ನೆಗೆಟಿವ್‌ವರೆಗೆ ಅಳೆದಾಗ 0.03 ವೋಲ್ಟ್ ಬಂತೆಂದು ನೆನಪು.

ಟ್ಯಾಪ್ ಎತ್ತರವಾಗಿರುವುದರಿಂದ ಮುಚ್ಚಳ ಕೂರುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ನನ್ನದು ಸರಿಯಾಗಿ ಮುಚ್ಚುತ್ತದೆ. ಆ ಉಪಾಯವನ್ನು ಇನ್ನೊಂದು ಕಾರಿನಲ್ಲಿ ಪರೀಕ್ಷಿಸಿದ ಮೇಲಷ್ಟೇ ಬರೆಯುತ್ತೇನೆ. ಡ್ಯಾಶ್ ಬೆಳಕಿನ ವೈರ್‌ಗೆ ಸೇರಿಸಿದಾಗ ಗೇಜ್ ಮಿನುಗುತ್ತಿತ್ತು, ಅದು ಪಿಡಬ್ಲ್ಯೂಎಂ ಲೈನ್, ಅಂದರೆ ಕರೆಂಟನ್ನು ಬೇಗ ಬೇಗ ಆನ್-ಆಫ್ ಮಾಡಿ ಬೆಳಕು ತಗ್ಗಿಸುವ ಲೈನ್. ಆ ವೈರನ್ನು ಬಿಟ್ಟು, ಗೇಜ್‌ನ ಬೆಳಕನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಂಡಿದ್ದೇನೆ. ಎಲ್ಲ ಮುಗಿದ ರಾತ್ರಿ ಕಾರನ್ನು ಲಾಕ್ ಮಾಡಿ ಒಂದು ಗಂಟೆ ಬಿಟ್ಟು ಅಳೆದಾಗ ಬ್ಯಾಟರಿಯಿಂದ ಹೋಗುತ್ತಿದ್ದುದು ಇಪ್ಪತ್ತು ಚಿಲ್ಲರೆ ಮಿಲಿಆಂಪಿಯರ್, ಗೇಜ್ ಹಾಕುವ ಮೊದಲು ಇದ್ದಷ್ಟೇ.