ಚೆಂಗ್ದುವಿನಲ್ಲಿ ನಾನು ಕಲಿತ ‘ಯಾಂಗ್‌ಗ್ವಾಂಗ್’

ಚೀನಿ ಭಾಷೆ ಕಲಿಯಲು ಶುರು ಮಾಡಿದ ಮೊದಲ ವಾರದಲ್ಲೇ ‘ಯಾಂಗ್‌ಗ್ವಾಂಗ್ ಅಂದರೆ ಬಿಸಿಲು’ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಸರಿಯಾಗಿ ಬಳಸಲು ಮಾತ್ರ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ನನ್ನನ್ನು ದಾರಿ ತಪ್ಪಿಸಿದ್ದು ನಮ್ಮ ‘ಬಿಸಿಲು’ ಪದವೇ.

ಆಗ ಕೆಲಸದ ಮೇಲೆ ಸಿಚುವಾನ್ ಪ್ರಾಂತ್ಯದ ಚೆಂಗ್ದುವಿನಲ್ಲಿದ್ದೆ. ಜುಲೈ ತಿಂಗಳ ಒಂದು ಮಧ್ಯಾಹ್ನ ನೆತ್ತಿ ಸುಡುತ್ತಿತ್ತು. ಜೊತೆಗಿದ್ದ ಸಹೋದ್ಯೋಗಿಗೆ ‘ಯಾಂಗ್‌ಗ್ವಾಂಗ್ ತುಂಬಾ ಬಿಸಿ’ ಅಂದೆ. ಅವರಿಗೆ ಅರ್ಥವಾಯಿತು, ಆದರೂ ತಿದ್ದಿದರು: ‘ಥಾಯ್‌ಯಾಂಗ್ ಹಾವ್ ತಾ.’ ಅಂದರೆ, ಸೂರ್ಯ ಎಷ್ಟು ದೊಡ್ಡದು! ನಾವು ‘ಬಿಸಿಲು ಜೋರು’ ಅನ್ನುವ ಕಡೆ ಅವರ ಮಾತು ಇದು.

ಪದವನ್ನು ಬಿಡಿಸಿದರೆ ವಿಷಯ ತಿಳಿಯುತ್ತದೆ. ‘ಯಾಂಗ್’ ಸೂರ್ಯ, ‘ಗ್ವಾಂಗ್’ ಬೆಳಕು. ಬಿಸಿಯ ಮಾತೇ ಇಲ್ಲ! ನಮ್ಮಲ್ಲಿ ಬಿಸಿಲು ಅಂದ ತಕ್ಷಣ ಬಿಸಿ ಕೇಳಿಸುತ್ತದೆ, ಅಲ್ವಾ? ಹಾಗಾಗಿ ನಾನು ‘ಎಳೆಬಿಸಿಲು’ ಅಂತ ಮನಸ್ಸಿನಲ್ಲಿಟ್ಟುಕೊಂಡು ಮಾತಾಡತೊಡಗಿದೆ. ತಪ್ಪು ಅರ್ಧಕ್ಕರ್ಧ ಕಡಿಮೆಯಾಯಿತು. ಉಚ್ಚಾರಕ್ಕೂ ಒಂದು ಉಪಾಯ ಮಾಡಿಕೊಂಡೆ. ‘ಯಾಂಗ್’ ಅನ್ನುವಾಗ ‘ಹೌದಾ?’ ಅಂತ ಕೇಳುವ ಹಾಗೆ ದನಿ ಏರಬೇಕು. ‘ಗ್ವಾಂಗ್’ ಅನ್ನುವಾಗ ಮೇಲಿನ ಷಡ್ಜ ಹಿಡಿದ ಹಾಗೆ ಅಲುಗದೆ ನಿಲ್ಲಬೇಕು.

ಈಗಿನ ಸರಳ ಲಿಪಿಯಲ್ಲಿ ‘ಯಾಂಗ್’ ಅಕ್ಷರದ ಎಡಕ್ಕೆ ದಿಬ್ಬದ ಗುರುತು, ಬಲಕ್ಕೆ ಸೂರ್ಯ. ಬೆಟ್ಟದ ದಕ್ಷಿಣ ಮಗ್ಗುಲು, ನದಿಯ ಉತ್ತರ ದಡ, ಎರಡೂ ಬಿಸಿಲು ಬೀಳುವ ಕಡೆ ಅಂತ ಹಿಂದಿನವರು ಅವನ್ನು ಯಾಂಗ್ ಅನ್ನುತ್ತಿದ್ದರು. ಲುವೋ ನದಿಯ ಉತ್ತರಕ್ಕಿದ್ದ ಊರು ಲುವೋಯಾಂಗ್ ಆಯಿತು. ಇದು ಗೊತ್ತಾದ ಮೇಲೆ ಭೂಪಟ ನೋಡುವುದೇ ಒಂದು ಖುಷಿ. ಮನೆಯ ಬಾಲ್ಕನಿಯೂ ‘ಯಾಂಗ್‌ಥಾಯ್’, ಬಿಸಿಲು ಬೀಳುವ ಕಟ್ಟೆ.

ಪದ ನಿಜವಾಗಿ ಒಳಗಿಳಿದದ್ದು ಚಳಿಗಾಲದಲ್ಲಿ. ಚೆಂಗ್ದುವಿನಲ್ಲಿ ಆಗ ದಿನಗಟ್ಟಲೆ ಬೂದು ಮೋಡ. ‘ಶು ನಾಡಿನ ನಾಯಿ ಸೂರ್ಯನನ್ನು ಕಂಡರೆ ಬೊಗಳುತ್ತದೆ’ ಅನ್ನುವ ಹಳೆಯ ನುಡಿಗಟ್ಟೇ ಇದೆ. ಶು ಅಂದರೆ ಸಿಚುವಾನ್‌ನ ಹಳೆಯ ಹೆಸರು. ಒಂದು ಭಾನುವಾರ ಸೂರ್ಯ ಬಂದ. ‘ಜನರ ಉದ್ಯಾನ’ ಅನ್ನುವ ಪಾರ್ಕಿನ ಚಹಾ ಅಂಗಳದಲ್ಲಿ ಬಿದಿರು ಕುರ್ಚಿಗಳೆಲ್ಲ ಭರ್ತಿ. ಮುಚ್ಚಳದ ಬಟ್ಟಲಲ್ಲಿ ಚಹಾ ಇಟ್ಟುಕೊಂಡು, ಕಣ್ಣು ಮುಚ್ಚಿ ಸುಮ್ನೆ ಕೂತವರೇ ಜಾಸ್ತಿ. ಇದಕ್ಕೆ ‘ಷಾಯ್ ಥಾಯ್‌ಯಾಂಗ್’ ಅನ್ನುತ್ತಾರೆ, ನಮ್ಮ ಬಿಸಿಲು ಕಾಯುವುದು. ರಜಾಯಿ, ಮೆಣಸಿನಕಾಯಿ ಬಿಸಿಲಿಗೆ ಹರಡುವುದಕ್ಕೂ ಇದೇ ‘ಷಾಯ್’. ಫೋಟೋವನ್ನು ನಾಲ್ಕು ಜನಕ್ಕೆ ಕಾಣಲಿ ಅಂತ ಇಂಟರ್ನೆಟ್ಟಿನಲ್ಲಿ ಹಾಕುವುದಕ್ಕೂ ಅದೇ!

ಪಕ್ಕದ ಕುರ್ಚಿಯ ಅಜ್ಜಿ, ಬಿಸಿನೀರು ತಂದು ಹಾಕಿದ ಹುಡುಗನನ್ನು ತೋರಿಸಿ ‘ಥಾ ಹೆನ್ ಯಾಂಗ್‌ಗ್ವಾಂಗ್’ ಅಂದರು. ಹುಡುಗ ನಗುಮುಖದವನು, ಮನಸ್ಸಿನಲ್ಲಿ ಕಪಟವಿಲ್ಲ ಅಂತ ಅರ್ಥ. ಕನ್ನಡದಲ್ಲಿ ಯಾರನ್ನಾದರೂ ‘ಬಿಸಿಲು’ ಅಂದರೆ ಹೊಗಳಿಕೆ ಆಗುತ್ತದೆಯೇ? ನಮಗೆ ಹಿತ ಅಂದರೆ ಬೆಳದಿಂಗಳು. ಆ ಹುಡುಗನ ಮುಖ ನೋಡಿದ ಮೇಲೆ ನಾನು ಆ ಅರ್ಥವನ್ನು ಬರೆದಿಟ್ಟುಕೊಳ್ಳಲೇ ಇಲ್ಲ, ಬೇಕಾಗಲಿಲ್ಲ.

ಕಚೇರಿ ಕಾಗದಗಳಲ್ಲೂ ಈ ಪದ ಸಿಗುತ್ತದೆ. ‘ಯಾಂಗ್‌ಗ್ವಾಂಗ್ ಖರೀದಿ’ ಅಂದರೆ ಮುಚ್ಚುಮರೆ ಇಲ್ಲದ ಖರೀದಿ.

ಆ ಭಾನುವಾರ ಚಹಾ ಅಂಗಳದಿಂದಲೇ, ಹಿಂದೆ ನನ್ನನ್ನು ತಿದ್ದಿದ್ದ ಸಹೋದ್ಯೋಗಿಗೆ ಮೆಸೇಜ್ ಹಾಕಿದೆ: ‘ಚಿನ್‌ಥಿಯೆನ್ ಯಾಂಗ್‌ಗ್ವಾಂಗ್ ಚನ್ ಹಾವ್.’ ಇವತ್ತು ಬಿಸಿಲು ನಿಜಕ್ಕೂ ಚೆನ್ನಾಗಿದೆ. ಈ ಸಲ ಅವರು ತಿದ್ದಲಿಲ್ಲ. ‘ಎಲ್ಲಿದ್ದೀರಿ? ನಾನೂ ಬರುತ್ತೇನೆ’ ಅಂದರು.