ಕೌಂಡಿನ್ಯ: ಒಂದು ಜರ್ಮನ್ ಮನೆತನದ ಹೆಸರನ್ನು ನಾನು ಹುಡುಕಿದ ಬಗೆ

ಮಗ ಇಲ್ಲಿ ಸ್ಟುಟ್‌ಗಾರ್ಟ್ ಪಕ್ಕದ ಊರಲ್ಲಿ ಹ್ಯಾಂಡ್‌ಬಾಲ್ ಆಡೋಕೆ ಸೇರಿಕೊಂಡಾಗ ಆ ಆಟದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಒಂದು ಸಂಜೆ ಸುಮ್ನೆ ಅದರ ಚರಿತ್ರೆ ಓದುತ್ತಾ ಕೂತೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಹ್ಯಾಂಡ್‌ಬಾಲ್ ಮೊದಲ ಸಲ ಇತ್ತು. ಆಗ ಅದು ಹನ್ನೊಂದು ಜನ ಬಯಲಿನಲ್ಲಿ ಆಡುವ ಆಟ. ಫೈನಲ್‌ನಲ್ಲಿ ಜರ್ಮನಿ ಆಸ್ಟ್ರಿಯಾವನ್ನು 10-6ರಿಂದ ಸೋಲಿಸಿ ಚಿನ್ನ ಗೆದ್ದಿತು. ಆ ತಂಡವನ್ನು ತಯಾರು ಮಾಡಿದ ಕೋಚ್ ಹೆಸರು ಒಟ್ಟೊ ಗುಂಟರ್ ಕೌಂಡಿನ್ಯ.

ಓದುವುದನ್ನು ಅಲ್ಲೇ ನಿಲ್ಲಿಸಿದೆ. ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ಭಟ್ಟರು ಗೋತ್ರ ಕೇಳುತ್ತಾರಲ್ವಾ, ಆಗ ಕೇಳಿಬರುವ ಹೆಸರು ಅದು. ಜರ್ಮನ್ ಕೋಚ್‌ಗೆ ಅದು ಹೇಗೆ ಬಂತು?

ಜರ್ಮನ್ ಮನೆತನದ ಹೆಸರುಗಳನ್ನು ಸಾಮಾನ್ಯವಾಗಿ ಐದು ಗುಂಪು ಮಾಡುತ್ತಾರೆ. ಕಸುಬಿನಿಂದ ಬಂದವು, ಊರಿನಿಂದ ಬಂದವು, ಮನೆ ಇದ್ದ ಜಾಗದಿಂದ ಬಂದವು, ಅಪ್ಪ ಅಜ್ಜನ ಹೆಸರಿನಿಂದ ಬಂದವು, ಅಡ್ಡಹೆಸರಿನಿಂದ ಬಂದವು. ಮುಲ್ಲರ್ ಅಂದರೆ ಗಿರಣಿಯವನು. ನಮ್ಮ ನಿಘಂಟಿನ ಕಿಟ್ಟೆಲ್ ಅವರ ಹೆಸರಿಗೆ ಮೇಲಂಗಿ ಅಂತ ಅರ್ಥ. ಕೌಂಡಿನ್ಯ ಇದರಲ್ಲಿ ಯಾವ ಗುಂಪಿಗೂ ಸೇರುವುದಿಲ್ಲ. ಆದರೆ ಆ ಹೆಸರನ್ನು ನಾನು ಇನ್ನೊಂದು ಕಡೆ ಓದಿದ್ದೆ. ಮಂಗಳೂರಿನಲ್ಲಿ.

1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ನಮಗೆಲ್ಲ ಗೊತ್ತು. ಅದರ ಮರುವರ್ಷ ಅವರು ಮಂಗಳೂರಿನ ಒಬ್ಬ ಸಾರಸ್ವತ ಬ್ರಾಹ್ಮಣ ಹುಡುಗನಿಗೆ ದೀಕ್ಷಾಸ್ನಾನ ಕೊಟ್ಟರು. ಆನಂದರಾಯ ಅಂತ ಹೆಸರು, 1825ರಲ್ಲಿ ಹುಟ್ಟಿದವನು. ಹುಡುಗ ಗುರುವಿನ ಹೆಸರನ್ನೇ ತೆಗೆದುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದ. 1846ರಲ್ಲಿ ಮೊಗ್ಲಿಂಗ್ ಜೊತೆ ಯುರೋಪಿಗೆ ಹೋಗಿ ಬಾಸೆಲ್ ಮಿಷನ್ ಶಾಲೆಯಲ್ಲಿ ಓದಿದರು. 1851ರಲ್ಲಿ ಮಿಷನರಿಯಾಗಿ ವಾಪಸ್ ಬಂದರು. ಮಂಗಳೂರಿನಲ್ಲಿ ಪಾಠ ಹೇಳಿದರು, ಕೊಡಗಿನ ಆನಂದಪುರದಲ್ಲಿ ದುಡಿದರು. 1893ರಲ್ಲಿ ತೀರಿಕೊಂಡರು.

ಅವರ ಮೊದಲ ಹೆಂಡತಿ ಲಕ್ಷ್ಮಿ. ಆಕೆ ತೀರಿಹೋದ ಮೇಲೆ 1860ರಲ್ಲಿ ವುರ್ಟೆಂಬರ್ಗ್ ಸೀಮೆಯ ಮರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಜರ್ಮನ್ ಪದ್ಧತಿಯಂತೆ ಆಕೆ ಮರಿ ಕೌಂಡಿನ್ಯ ಆದರು.

ಈ ಒಂದು ಸಾಲಿನ ಮುಂದೆ ನಾನು ತುಂಬಾ ಹೊತ್ತು ಕೂತಿದ್ದೆ. ನಮ್ಮಲ್ಲಿ ಗೋತ್ರ ಅಂದರೆ ಮನೆತನದ ಹೆಸರಲ್ಲ. ಅದನ್ನು ಪೂಜೆಯಲ್ಲಿ, ಮದುವೆಯಲ್ಲಿ, ಶ್ರಾದ್ಧದಲ್ಲಿ ಹೇಳುತ್ತೇವೆ ಅಷ್ಟೆ. ಬಾಸೆಲ್‌ನ ದಫ್ತರಿಗೆ ಒಂದು ಕುಟುಂಬದ ಹೆಸರು ಬೇಕಿತ್ತು. ಆ ಜಾಗದಲ್ಲಿ ಗೋತ್ರ ಬಂದು ಕೂತಿತು. ಜಾತಿ ಬಿಟ್ಟು ಹೊರಬಂದ ಮನುಷ್ಯ ಗೋತ್ರವನ್ನು ಉಳಿಸಿಕೊಂಡ. ಮದುವೆಯಾದ ಹೆಣ್ಣು ಗಂಡನ ಗೋತ್ರಕ್ಕೆ ಸೇರುವುದು ನಮ್ಮ ಪದ್ಧತಿ. ಗಂಡನ ಮನೆತನದ ಹೆಸರು ತೆಗೆದುಕೊಳ್ಳುವುದು ಅವರ ಪದ್ಧತಿ. ಮರಿ ರೈನ್‌ಹಾರ್ಟ್ ವಿಷಯದಲ್ಲಿ ಎರಡೂ ಒಂದೇ ಆಗಿಬಿಟ್ಟವು. ನನಗೆ ಈ ಹುಡುಕಾಟದಲ್ಲಿ ಸಿಕ್ಕ ಅತಿ ಸುಂದರವಾದ ವಿಷಯ ಇದು.

ಹೆಸರಿನ ಮೂಲ ಹೀಗೆ ಬೇಗ ಸಿಕ್ಕಿತು. ಈ ಹೆಸರಿನವರು ಎಲ್ಲೆಲ್ಲಿ, ಎಷ್ಟು ಜನ ಇದ್ದಾರೆ ಅನ್ನುವುದರಲ್ಲೇ ನಾನು ಎಡವಿದ್ದು.

ಜರ್ಮನಿಯಲ್ಲಿ ಹೆಸರುಗಳ ಹರಡುವಿಕೆ ನೋಡಲು ಟೆಲಿಫೋನ್ ಸಂಪರ್ಕಗಳ ಪಟ್ಟಿಯನ್ನು ಬಳಸುತ್ತಾರೆ. ಮೈನ್ಸ್‌ನಲ್ಲಿ ತಯಾರಾಗುತ್ತಿರುವ ದೊಡ್ಡ ಡಿಜಿಟಲ್ ಹೆಸರು ನಿಘಂಟು 2005ರ ಲ್ಯಾಂಡ್‌ಲೈನ್ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡಿದೆ. ಒಂದು ಸಂಪರ್ಕದ ಹಿಂದೆ ಸುಮಾರು ಮೂರು ಜನ ಅಂತ ಲೆಕ್ಕ. ಮುಲ್ಲರ್ ಅಂತ ಕೊಟ್ಟರೆ ಎರಡೂವರೆ ಲಕ್ಷ ಸಂಪರ್ಕ, ನಕ್ಷೆ ಪೂರ್ತಿ ಬಣ್ಣ. ಅಪರೂಪದ ಹೆಸರಿಗೆ ನಕ್ಷೆ ಹೆಚ್ಚುಕಮ್ಮಿ ಬಿಳಿ. ಹೀಗೆ ಬಿಳಿಯಾಗಿದ್ದಾಗ ಪ್ರತಿಯೊಂದು ಚುಕ್ಕೆಯನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ನಾನು ಹಾಗೆ ಮಾಡಲಿಲ್ಲ. ಇತ್ತೀಚಿನ ಪಟ್ಟಿಗಳಲ್ಲಿ ಕಂಡ ಎಲ್ಲ ಕೌಂಡಿನ್ಯರನ್ನೂ ಖುಷಿಯಿಂದ ಒಂದೇ ವಂಶವೃಕ್ಷಕ್ಕೆ ಸೇರಿಸಿಬಿಟ್ಟೆ.

ಒಬ್ಬರಿಗೆ ಜರ್ಮನ್‌ನಲ್ಲಿ ಉದ್ದದ ಪತ್ರ ಬರೆದೆ. ಉತ್ತರ ಬಂದದ್ದು ಇಂಗ್ಲಿಷಿನಲ್ಲಿ. ಅವರು ಹೈದರಾಬಾದಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರ್! ಹೊಳೆಯಬೇಕಿತ್ತು. ತೆಲುಗು, ಕನ್ನಡದವರಲ್ಲಿ ಗೋತ್ರವನ್ನೇ ಹೆಸರಾಗಿ ಇಟ್ಟುಕೊಂಡವರು ಎಷ್ಟೋ ಜನ ಇದ್ದಾರೆ. 2000ದ ಆಗಸ್ಟ್‌ನಲ್ಲಿ ಜರ್ಮನಿ ಕಂಪ್ಯೂಟರ್ ಕೆಲಸದವರಿಗಾಗಿ ಗ್ರೀನ್ ಕಾರ್ಡ್ ಶುರು ಮಾಡಿದ ಮೇಲೆ ನಮ್ಮವರು ಜಾಸ್ತಿ ಬಂದರು. ಅಂದರೆ ಇವತ್ತು ಜರ್ಮನಿಯಲ್ಲಿ ಈ ಹೆಸರು ಎರಡು ಪದರದಲ್ಲಿದೆ. ಒಂದು ಹಡಗಿನಲ್ಲಿ ಬಂದದ್ದು, ಇನ್ನೊಂದು ವಿಮಾನದಲ್ಲಿ ಬಂದದ್ದು.

ಇವೆರಡನ್ನು ಬೇರೆ ಮಾಡಲು 2000ಕ್ಕಿಂತ ಹಿಂದಿನ ದಾಖಲೆಗಳನ್ನು ಮಾತ್ರ ನಂಬಲು ಶುರು ಮಾಡಿದೆ. ಹಳೆಯ ಊರುಗಳ ವಿಳಾಸ ಪುಸ್ತಕಗಳು ಇದಕ್ಕೆ ತುಂಬಾ ಒಳ್ಳೆಯವು. ಅವುಗಳಲ್ಲಿ ಹೆಸರಿನ ಜೊತೆ ಕಸುಬು, ಬೀದಿ ಎರಡೂ ಇರುತ್ತವೆ. ಸ್ಪೆಲಿಂಗ್ ಕೂಡ ಸಹಾಯಕ್ಕೆ ಬರುತ್ತದೆ. ಈಗ ಬಂದವರಲ್ಲಿ ಹಲವರು ‘ಕೌ’ ಬರೆಯಲು ಓ, ಯು ಹಾಕುತ್ತಾರೆ. ಹಳೆಯ ಹೆಸರಿನಲ್ಲಿ ಎ, ಯು ಇದೆ. ಜರ್ಮನ್‌ನಲ್ಲಿ ಎ, ಯು ಜೊತೆಗೆ ಬಂದರೆ ‘ಔ’ ಅಂತಲೇ ಓದುತ್ತಾರೆ, ಮನೆಗೆ ‘ಹೌಸ್’ ಅನ್ನುವ ಹಾಗೆ. ಅದಕ್ಕೇ ನಮ್ಮ ‘ಕೌ’ ಅವರ ಬಾಯಲ್ಲಿ ಕೆಡದೆ ಉಳಿದಿದೆ.

ಹಳೆಯ ಕಾಗದಗಳ ತೊಂದರೆಯೇ ಬೇರೆ. ಕುರೆಂಟ್ ಅನ್ನುವ ಹಳೆಯ ಕೈಬರಹದಲ್ಲಿ ಯು ಮತ್ತು ಎನ್ ಒಂದೇ ಥರ ಕಾಣುತ್ತವೆ. ಗುರುತಿಗೆ ಯು ಮೇಲೆ ಒಂದು ಪುಟ್ಟ ಕಮಾನು ಹಾಕುತ್ತಿದ್ದರು. ಶಾಯಿ ಮಾಸಿ ಆ ಕಮಾನು ಹೋದರೆ ಮುಗೀತು. ಈ ಹೆಸರಿನಲ್ಲಿ ಒಂದು ಯು, ಎರಡು ಎನ್! ಸೂಚಿ ಮಾಡುವವರು ಅದನ್ನು ‘ಕನ್ನ್‌ಡಿನ್ಯ’ ಅಂತ ಓದಿಕೊಂಡರೆ ತಪ್ಪು ಅವರದಲ್ಲ. ಅಚ್ಚಾದ ಫ್ರಾಕ್ಟೂರ್ ಲಿಪಿಯಲ್ಲಿ ಇನ್ನೊಂದು ಬಲೆ ಇದೆ. ಅಲ್ಲಿ ಕೆ ಮತ್ತು ಆರ್ ದೊಡ್ಡಕ್ಷರಗಳು ಅಣ್ಣತಮ್ಮಂದಿರ ಹಾಗೆ. ಹಾಗಾಗಿ ‘ರೌಂಡಿನ್ಯ’ ಅಂತಲೂ ಹುಡುಕಬೇಕು. ಕೊನೆಯ ವೈ ಜಾಗದಲ್ಲಿ ಐ ಹಾಕಿ ಒಮ್ಮೆ, ಜೆ ಹಾಕಿ ಒಮ್ಮೆ. ಒಂದು ಹೆಸರಿಗೆ ಹದಿನಾಲ್ಕು ರೂಪ ಬರೆದು ಮೇಜಿನ ಮೇಲೆ ಅಂಟಿಸಿಕೊಂಡಿದ್ದೇನೆ. ಮೊದಲನೇ ಮಹಾಯುದ್ಧದಲ್ಲಿ ಸತ್ತ, ಗಾಯಗೊಂಡ ಜರ್ಮನ್ ಸೈನಿಕರ ಪಟ್ಟಿಯಲ್ಲಿ 80 ಲಕ್ಷಕ್ಕೂ ಜಾಸ್ತಿ ನಮೂದುಗಳಿವೆ. ಹೆಸರುಗಳನ್ನು ಸ್ವಯಂಸೇವಕರು ಕೂತು ಒಂದೊಂದಾಗಿ ಬರೆದಿದ್ದಾರೆ. ಅಲ್ಲಿ ಹುಡುಕುವಾಗ ಈ ಹದಿನಾಲ್ಕನ್ನೂ ಹಾಕಿ ನೋಡದೆ ನಾನು ಮುಂದೆ ಹೋಗಲಿಲ್ಲ.

ಸರ್ಕಾರಿ ದಾಖಲೆಗಳಿಗೆ ಕಾಯಬೇಕು. ಇಡೀ ಜರ್ಮನಿಯಲ್ಲಿ ಜನನ, ಮದುವೆ, ಮರಣದ ಸರ್ಕಾರಿ ನೋಂದಣಿ ಶುರುವಾದದ್ದು 1876ರಲ್ಲಿ. ಜನನದ ದಾಖಲೆ 110 ವರ್ಷ, ಮದುವೆಯದು 80, ಮರಣದ್ದು 30 ವರ್ಷ ಕಳೆಯುವ ತನಕ ಹೊರಗಿನವರಿಗೆ ಸಿಗುವುದಿಲ್ಲ. ಆದ್ದರಿಂದ ಮರಣದಿಂದ ಶುರು ಮಾಡಿ ಹಿಂದೆ ಹೋಗುವುದು ಸುಲಭ. ವುರ್ಟೆಂಬರ್ಗ್‌ನಲ್ಲಿ ಇನ್ನೂ ಒಂದು ಅನುಕೂಲ ಇದೆ. 1808ರಿಂದ ಅಲ್ಲಿನ ಚರ್ಚುಗಳು ಕುಟುಂಬ ದಾಖಲೆ ಬರೆಯುತ್ತಾ ಬಂದಿವೆ. ಗಂಡ, ಹೆಂಡತಿ, ಮಕ್ಕಳು, ಎರಡೂ ಕಡೆಯ ಅಪ್ಪ ಅಮ್ಮ, ಎಲ್ಲ ಒಂದೇ ಪುಟದಲ್ಲಿ. ರೈನ್‌ಹಾರ್ಟ್ ಕಡೆಯಿಂದ ಹುಡುಕುವಾಗ ನಾನು ಇದನ್ನೇ ಹಿಡಿದುಕೊಂಡೆ.

ಬಾಸೆಲ್‌ಗೆ ಒಂದು ಸಲ ಹೋಗಿ ಬಂದೆ. ಮಿಷನ್‌ನ ದಾಖಲೆಗಳು ಅಲ್ಲೇ ಇವೆ. ಶಾಲೆಗೆ ಸೇರಿದ ಪ್ರತಿಯೊಬ್ಬನಿಗೂ ಒಂದು ನಂಬರ್, ಆ ನಂಬರಿಗೆ ಒಂದು ಕಡತ. ಮಿಷನರಿಗಳ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಓದಲು ಬಾಸೆಲ್‌ಗೆ ಕಳಿಸುವ ರೂಢಿ ಇತ್ತು. ಅವರಿಗಾಗಿ 1853ರಲ್ಲಿ ಮಕ್ಕಳ ಮನೆ ಶುರುವಾಯಿತು. ಹುಡುಗ ಒಮ್ಮೆ ಅಲ್ಲಿಗೆ ಹೋದ ಅಂದರೆ ಅವನ ಹೆಸರೂ ಹೋದ ಹಾಗೆ. ಅವನು ಅಲ್ಲೇ ಓದಿ, ಅಲ್ಲೇ ಕೆಲಸ ಹಿಡಿದು, ಅಲ್ಲೇ ಮನೆ ಕಟ್ಟುತ್ತಾನೆ. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿ ಕಳಿಸಿದ ತಾಯಂದಿರನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ನನ್ನ ವಂಶವೃಕ್ಷದಲ್ಲಿ ಈಗ ಎರಡು ಥರದ ಗೆರೆಗಳಿವೆ. ಕಾಗದ ಕಣ್ಣಾರೆ ನೋಡಿದ್ದರೆ ಪೂರ್ತಿ ಗೆರೆ. ಹೆಸರು ಮಾತ್ರ ಹೊಂದಿದರೆ ಚುಕ್ಕಿ ಗೆರೆ. 1936ರ ಕೋಚ್ ನನ್ನ ಹಾಳೆಯಲ್ಲಿ ಚುಕ್ಕಿ ಗೆರೆಯಲ್ಲೇ ಇದ್ದಾರೆ. ಇಷ್ಟು ಅಪರೂಪದ ಹೆಸರು, ಬೇರೆ ಯಾರಿರಲು ಸಾಧ್ಯ ಅಂತ ಗೆಳೆಯರು ಹೇಳುತ್ತಾರೆ. ಹೈದರಾಬಾದಿನ ಉತ್ತರ ಬಂದ ಮೇಲೆ ನಾನು ಆ ವಾದ ಒಪ್ಪುವುದಿಲ್ಲ.

ಹೆಸರು ಇಷ್ಟು ವಿರಳ ಯಾಕೆ ಅನ್ನುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1976ರ ಕಾನೂನು ಬರುವ ತನಕ ಇಲ್ಲಿ ಗಂಡನ ಹೆಸರೇ ಕುಟುಂಬದ ಹೆಸರು. ಹೆಣ್ಣುಮಕ್ಕಳು ಮದುವೆಯಾದ ಕೂಡಲೇ ಪಟ್ಟಿಯಿಂದ ಮಾಯ. ಒಬ್ಬನಿಂದ ಶುರುವಾದ ಹೆಸರು ಎಷ್ಟು ಹರಡೀತು? ಹಾಗಾಗಿ ಈಗ ಹುಡುಕುವ ರೀತಿ ಬದಲಿಸಿದ್ದೇನೆ. ಜರ್ಮನ್ ದಾಖಲೆಗಳಲ್ಲಿ, ಗೋರಿಕಲ್ಲುಗಳಲ್ಲಿ ಮದುವೆಯಾದ ಹೆಣ್ಣಿನ ತವರಿನ ಹೆಸರಿನ ಮುಂದೆ ‘ಗೆಬ್.’ ಅಂತ ಬರೆಯುತ್ತಾರೆ, ಇಂಥ ಮನೆಯಲ್ಲಿ ಹುಟ್ಟಿದವಳು ಅಂತ. ಪ್ರತಿ ಭಾನುವಾರ ಬೆಳಗ್ಗೆ, ಮಗನನ್ನು ಆಟಕ್ಕೆ ಬಿಟ್ಟು ಬಂದು, ಹದಿನಾಲ್ಕೂ ರೂಪಗಳ ಮುಂದೆ ಆ ಎರಡಕ್ಷರ ಸೇರಿಸಿ ಹುಡುಕಲು ಕೂರುತ್ತೇನೆ.