ಬಚ್ಚಲ ನೆಲವನ್ನು ಪಾದ ಆಯ್ದುಕೊಳ್ಳಲಿ

ಸಕಲೇಶಪುರದ ನಮ್ಮ ಮನೆಯಲ್ಲಿ ಮಳೆಗಾಲ ಹಿಡಿದರೆ ಬಚ್ಚಲು ಒಣಗುವುದೇ ಇಲ್ಲ. ಹಿಂದೆ ಹಂಡೆಯೊಲೆ ಉರಿಯುತ್ತಿದ್ದಾಗ ಅದರ ಕಾವಿಗೆ ಮಧ್ಯಾಹ್ನದ ಹೊತ್ತಿಗಾದರೂ ನೆಲ ಆರುತ್ತಿತ್ತು. ಹಾಸಿದ್ದೂ ಉಳಿಯ ಏಟು ತಿಂದ ತರಿತರಿಯಾದ ಚಪ್ಪಡಿ. ಗೀಸರ್ ಬಂದ ಮೇಲೆ ಒಲೆ ತೆಗೆಸಿ, ಕಲ್ಲು ಕೀಳಿಸಿ, ಫಳಫಳ ಹೊಳೆಯುವ ಬಿಳಿ ಟೈಲ್ಸ್ ಹಾಕಿಸಿದೆವು. ಆ ವರ್ಷ ನರಕ ಚತುರ್ದಶಿಯ ಎಣ್ಣೆಸ್ನಾನದಲ್ಲಿ ನಮ್ಮ ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆ ಟೈಲ್ಸ್ ಆರಿಸಿದವಳು ನಾನು. ಆದ್ದರಿಂದಲೇ ವಯಸ್ಸಾದವರಿರುವ ಪ್ರತಿ ಮನೆಯವರಿಗೂ ಇದನ್ನು ಹೇಳುತ್ತೇನೆ.

ಟೈಲ್ಸ್ ಅಂಗಡಿಗೆ ಹೋಗುವಾಗ ಒಂದು ಬಾಟಲಿ ನೀರು, ಒಂದು ತುಂಡು ಸೋಪು ಜೊತೆಗಿರಲಿ. ಮಾದರಿ ಟೈಲನ್ನು ನೆಲದ ಮೇಲಿಡಿಸಿ, ನೀರು ಹಾಕಿ, ಸೋಪು ಉಜ್ಜಿ, ಯಾರದಾದರೂ ತೋಳು ಹಿಡಿದು ಬರಿಗಾಲಿನಲ್ಲಿ ನಿಂತು ನೋಡಿ. ಒಣ ಟೈಲನ್ನು ಬೆರಳಿನಿಂದ ಸವರಿದರೆ ಏನೂ ತಿಳಿಯುವುದಿಲ್ಲ. ಪೆಟ್ಟಿಗೆಯ ಮೇಲೆ ಆರ್ 9, ಆರ್ 10, ಆರ್ 11 ಎಂದು ಬರೆದಿದ್ದರೆ ಅಂಕಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಆದರೆ ಅದು ಎಣ್ಣೆ ಸುರಿದ ಇಳಿಜಾರಿನಲ್ಲಿ ಬೂಟು ಹಾಕಿ ನಡೆದು ಕೊಟ್ಟ ಅಂಕಿ. ಬರಿಗಾಲು ಮತ್ತು ಸೋಪುನೀರಿನ ಪರೀಕ್ಷೆಗೆ ಎ, ಬಿ, ಸಿ ಎಂಬ ಬೇರೆ ದರ್ಜೆಗಳಿವೆ. ಸ್ನಾನದ ಜಾಗಕ್ಕೆ ಬಿ ದರ್ಜೆಯದನ್ನು ಕೇಳಿ.

ಹಾಗೆಂದು ಅಂಗಡಿಯಲ್ಲಿರುವ ಅತಿ ಒರಟು ಟೈಲೇ ಒಳ್ಳೆಯದೆಂದು ತಿಳಿಯಬೇಡಿ. ಪಾರ್ಶ್ವವಾಯು ಆದವರು ಕಾಲೆಳೆದು ನಡೆಯುತ್ತಾರೆ, ಅವರಿಗೆ ಎದ್ದುನಿಂತ ಗುಬಟುಗಳೇ ಎಡವುಗಲ್ಲು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ತರಚಿದರೂ ಗೊತ್ತಾಗುವುದಿಲ್ಲ. ಆಳವಾದ ಗೀರುಗಳಲ್ಲಿ ಸೋಪಿನ ಜಿಡ್ಡು ಕೂತು, ಅದರ ಮೇಲೆ ಹಾವಸೆ ಬೆಳೆದರೆ ಒರಟುತನವಿದ್ದೂ ವ್ಯರ್ಥ. ಹೊಳಪಿಲ್ಲದ, ಸಣ್ಣ ಮರಳಿನಂಥ ಮೈಯ, ಅಂಗೈ ಅಗಲದ ಚಿಕ್ಕ ಟೈಲ್ಸ್ ನನ್ನ ಆಯ್ಕೆ. ಟೈಲ್ಸ್ ಚಿಕ್ಕದಾದಷ್ಟೂ ಸಂದುಗಳು ಹೆಚ್ಚು, ಸಂದು ಹೆಚ್ಚಾದಷ್ಟೂ ಪಾದಕ್ಕೆ ಹಿಡಿತ. ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿಸಿದರೆ ಖರ್ಚು ಹೆಚ್ಚು, ಆದರೆ ನೀರು ಕುಡಿಯುವುದಿಲ್ಲ.

ಬಣ್ಣವನ್ನೂ ಯೋಚಿಸಿ. ಗೋಡೆ, ನೆಲ, ಕಮೋಡ್ ಎಲ್ಲವೂ ಬಿಳಿಯಾದರೆ ಪೊರೆ ಬಂದ ಕಣ್ಣಿಗೆ ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ತಿಳಿಯದು. ಈಗ ನಮ್ಮ ನೆಲ ಕಡು ಬೂದು ಬಣ್ಣದ್ದು.

ಮೇಸ್ತ್ರಿ ಕೆಲಸ ಮಾಡುವಾಗ ಪಕ್ಕದಲ್ಲೇ ನಿಲ್ಲಿ. ವಾಟ, ಅಂದರೆ ನೀರು ಹರಿಯಲು ಕೊಡುವ ಇಳಿಜಾರು, ಒಂದು ಅಡಿಗೆ ಕಾಲು ಇಂಚು ಸಾಕು, ಅದಕ್ಕಿಂತ ಹೆಚ್ಚಾದರೆ ಕುಳಿತ ಸ್ಟೂಲೇ ವಾಲುತ್ತದೆ. ಒಂದು ತಂಬಿಗೆ ನೀರು ಸುರಿಸಿ, ಎಲ್ಲಿಯೂ ಮಡುಗಟ್ಟದೆ ಜಾಲರಿ ಸೇರುವುದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ಬಾಗಿಲ ಬುಡದ ಅಡ್ಡಪಟ್ಟಿಯ ಎತ್ತರ ಅರ್ಧ ಇಂಚು ಮೀರಬಾರದು, ಗಾಲಿಕುರ್ಚಿ ಇದ್ದರೆ ಪಟ್ಟಿಯೇ ಬೇಡ. ಬಾಗಿಲು ಹೊರಕ್ಕೆ ತೆರೆಯಲಿ. ಅತ್ತೆ ಬಿದ್ದ ದಿನ ಬಾಗಿಲಿಗೆ ಅಡ್ಡವಾಗಿ ಬಿದ್ದಿದ್ದರು, ಒಳಕ್ಕೆ ತಳ್ಳಲಾಗದೆ ನಾವು ಹೊರಗೆ ನಿಂತು ಒದ್ದಾಡಿದ್ದು ಇವತ್ತಿಗೂ ಮರೆತಿಲ್ಲ. ಹಿಡಿಕೆ ಕಂಬಿಯನ್ನು ಗೋಡೆ ಕೊರೆದು ಸ್ಕ್ರೂ ಹಾಕಿಯೇ ಕೂರಿಸಿ. ಬಟ್ಟೆ ಒಣಹಾಕುವ ಸರಳು ಮನುಷ್ಯನ ಭಾರ ತಡೆಯುವುದಿಲ್ಲ.

ಬಾಡಿಗೆ ಮನೆಯವರು ರಬ್ಬರ್ ಮ್ಯಾಟ್ ಹಾಕಬಹುದು. ಅಡಿಯಲ್ಲಿ ನೆಲ ಕಚ್ಚುವ ಸಣ್ಣ ರಬ್ಬರ್ ಬಟ್ಟಲುಗಳಿರುವ ಮ್ಯಾಟ್ ನಯವಾದ ಟೈಲ್ಸ್‌ಗೆ ಮಾತ್ರ ಕಚ್ಚುತ್ತದೆ, ಒರಟು ನೆಲದಲ್ಲಿ ಅದೇ ಜಾರುತ್ತದೆ. ವಾರಕ್ಕೊಮ್ಮೆ ಎತ್ತಿ ಅಡಿಭಾಗ ತೊಳೆಯಿರಿ.

ಎಣ್ಣೆಸ್ನಾನ ಆದ ಕೂಡಲೇ ಸೀಗೆಪುಡಿ ಚೆಲ್ಲಿ ಬ್ರಷ್‌ನಿಂದ ಉಜ್ಜಿ. ಹಾವಸೆಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಅದರ ಜೊತೆ ಆಸಿಡ್ ಮಾತ್ರ ಸುರಿಯಬೇಡಿ, ಉಸಿರುಗಟ್ಟಿಸುವ ವಿಷಗಾಳಿ ಏಳುತ್ತದೆ. ನಮ್ಮ ಮನೆಯಲ್ಲಿ ಕೊನೆಗೆ ಸ್ನಾನ ಮಾಡಿದವರು ವೈಪರಿನಿಂದ ನೀರೆಳೆದು, ಕಿಟಕಿ ತೆರೆದು ಬರಬೇಕು. ಮೊಮ್ಮಗ ಮರೆತರೆ ತಿಂಡಿಗೆ ಕುಳಿತವನನ್ನೂ ಎಬ್ಬಿಸಿ ಕಳಿಸುತ್ತೇನೆ.